ನಾಲಿಗೆ ಸತ್ತಿಲ್ಲ, ಜಡ್ಡುಗಟ್ಟಿದೆ

“ಹದಿನಾರರ ಮಗ ತುತ್ತು ಬಾಯಿಗಿಡುವ ಮೊದಲೇ ಉಪ್ಪು ಉದುರಿಸಿಕೊಳ್ಳುತ್ತಾನೆ. ಏನು ಮಾಡಿಕೊಟ್ಟರೂ ಸಪ್ಪೆ ಅನ್ನುತ್ತಾನೆ. ಅವನ ನಾಲಿಗೆಯೇ ಹಾಗೆ, ಹುಟ್ಟುಗುಣ ಅಂತ ಸುಮ್ಮನಾಗಿದ್ದೇನೆ. ಸರಿಯೇ?” ತಾಯಿಯೊಬ್ಬರ ಪತ್ರ ಇದು.

ಸರಿಯಲ್ಲ, ತಾಯಿ. ಇಷ್ಟು ಸೂಕ್ಷ್ಮವಾಗಿ ಮಗನ ಊಟ ಗಮನಿಸುವ ನೀವು ಇಷ್ಟು ಬೇಗ ಕೈಚೆಲ್ಲಬಾರದಿತ್ತು.

ಹುಟ್ಟುಗುಣ ಅನ್ನುವುದರಲ್ಲಿ ಒಂದಿಷ್ಟು ನಿಜವಿದೆ. 1931ರಲ್ಲಿ ಆರ್ಥರ್ ಫಾಕ್ಸ್ ಎಂಬ ರಸಾಯನ ವಿಜ್ಞಾನಿಯ ಪ್ರಯೋಗಾಲಯದಲ್ಲಿ ಒಂದು ಪುಡಿ ಗಾಳಿಗೆ ಹಾರಿತು. ಜೊತೆಯಲ್ಲಿದ್ದವರು ಕಹಿ ಕಹಿ ಅಂದರು. ಫಾಕ್ಸ್‌ಗೆ ಏನೂ ಅನ್ನಿಸಲಿಲ್ಲ. ಈ ವ್ಯತ್ಯಾಸ ವಂಶದಿಂದ ಬರುತ್ತದೆ ಅಂತ ಆಮೇಲೆ ಗೊತ್ತಾಯಿತು. ಆದರೆ ಅದು ಕೆಲವು ಕಹಿಗಳ ಕಥೆ. ನಿಮ್ಮ ಮಗನದು ಉಪ್ಪಿನ ಕಥೆ. ಅದರಲ್ಲಿ ರೂಢಿಯ ಕೈವಾಡವೇ ಜಾಸ್ತಿ.

2012ರಲ್ಲಿ ಬರ್ಲಿನ್‌ನ ವೈದ್ಯರು 6ರಿಂದ 18 ವರ್ಷದ ಸುಮಾರು 200 ಮಕ್ಕಳ ನಾಲಿಗೆಯ ಮೇಲೆ ರುಚಿಯ ಪಟ್ಟಿಗಳನ್ನಿಟ್ಟು ಪರೀಕ್ಷಿಸಿದರು. ಬೊಜ್ಜಿದ್ದ ಮಕ್ಕಳು ರುಚಿ ಗುರುತಿಸುವುದರಲ್ಲಿ ಹಿಂದೆ ಬಿದ್ದರು. ಬೊಜ್ಜು ಮೊದಲೋ, ಮಂದ ನಾಲಿಗೆ ಮೊದಲೋ? 2018ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದವರು ಇಲಿಗಳಿಗೆ ಎಂಟು ವಾರ ಕೊಬ್ಬಿನ ಆಹಾರ ತಿನ್ನಿಸಿದಾಗ ಅವಕ್ಕೆ ಬೊಜ್ಜು ಬಂತು, ನಾಲಿಗೆಯಲ್ಲಿ ರುಚಿ ಗ್ರಹಿಸುವ ರುಚಿಮೊಗ್ಗುಗಳಲ್ಲಿ ಕಾಲು ಭಾಗ ಕಡಿಮೆಯಾದವು. ಇಲಿಗಳ ವಿಷಯದಲ್ಲಾದರೂ ತಿಂದು ಬಂದ ಬೊಜ್ಜೇ ನಾಲಿಗೆಯನ್ನು ಕೆಡಿಸಿತ್ತು.

ಕೆಟ್ಟದ್ದು ಸುಧಾರಿಸುತ್ತದೆ. ರುಚಿಮೊಗ್ಗಿನ ಜೀವಕೋಶಗಳು ಹೆಚ್ಚುಕಡಿಮೆ ಹತ್ತು ದಿನಕ್ಕೊಮ್ಮೆ ಹೊಸದಾಗುತ್ತಿರುತ್ತವೆ. ರೂಢಿ ಬದಲಾಗಲು ಮಾತ್ರ ತಿಂಗಳುಗಳು ಬೇಕು. 1982ರ ಒಂದು ಅಧ್ಯಯನದಲ್ಲಿ ಕೆಲವು ತಿಂಗಳು ಕಡಿಮೆ ಉಪ್ಪು ತಿಂದವರಿಗೆ ಕಡಿಮೆ ಉಪ್ಪೇ ಹಿತವಾಯಿತು. ಇದು ನನ್ನ ಅನುಭವವೂ ಹೌದು. ರಕ್ತದೊತ್ತಡ ಅಂತ ಉಪ್ಪು ಇಳಿಸಿದಾಗ ಮೊದಲ ವಾರ ಹುಲ್ಲು ಅಗಿದಂತಿತ್ತು. ಮೂರನೇ ತಿಂಗಳು ಬರೀ ಕ್ಯಾರೆಟ್ ಕಚ್ಚಿದೆ. ಅದು ಎಷ್ಟು ಸಿಹಿ ಅಂತ ಆವತ್ತೇ ಗೊತ್ತಾದದ್ದು.

ತಂಪು ಪಾನೀಯವನ್ನೂ ನೋಡಿ. 330 ಮಿಲಿ ಕೋಲಾದಲ್ಲಿ ಸುಮಾರು 35 ಗ್ರಾಂ ಸಕ್ಕರೆ ಇರುತ್ತದೆ. ತಣ್ಣಗಿದ್ದಾಗ ನಾಲಿಗೆಗೆ ಸಿಹಿ ಕಡಿಮೆ ತಿಳಿಯುತ್ತದೆ. ಬೆಚ್ಚಗಾಗಲು ಬಿಟ್ಟು, ಗುಳ್ಳೆ ಹೋದ ಮೇಲೆ ಮಗನಿಗೆ ಒಂದು ಗುಟುಕು ಕೊಡಿ. ಅವನೇ ಮುಖ ಕಿವಿಚುತ್ತಾನೆ.

ಹುಡುಗನನ್ನು ಬೈಯಬೇಡಿ. ತಪ್ಪು ಅವನದೊಂದೇ ಅಲ್ಲ. ಅವನ ವಯಸ್ಸಿನವರ ಸುತ್ತ ಎಲ್ಲವೂ ಕಿರುಚುತ್ತಿದೆ. ಪೊಟ್ಟಣದ ತಿಂಡಿ ಉಪ್ಪಿನಲ್ಲಿ ಕಿರುಚುತ್ತದೆ, ಪಾನೀಯ ಸಕ್ಕರೆಯಲ್ಲಿ, ಕೈಯಲ್ಲಿರುವ ಫೋನು ಬಣ್ಣದಲ್ಲಿ. ಫೋನು ನೋಡುತ್ತಾ ತಿನ್ನುವವನ ಮನಸ್ಸು ತಟ್ಟೆಯಲ್ಲಿರುವುದಿಲ್ಲ, ಅಲ್ವಾ? ನಮ್ಮ ಕಸುಬಿನಲ್ಲೂ ಇದೇ ರೋಗ. ಮೆಲುದನಿಯ ಲೇಖನ ಕೊಟ್ಟರೆ ‘ಸಪ್ಪೆ’ ಅಂತ ದೂರು ಬರುತ್ತದೆ. ತಲೆಬರಹಕ್ಕೆ ಖಾರ ಹಚ್ಚಿ ಅನ್ನುತ್ತಾರೆ. ನನಗೆ ಇದು ನಿಜಕ್ಕೂ ನೋವಿನ ವಿಷಯ.

ಉಪ್ಪಿನ ಡಬ್ಬಿಯನ್ನು ಮೇಜಿನಿಂದ ಎತ್ತಿಡಿ. ಅಡುಗೆಯ ಉಪ್ಪನ್ನೂ ಸ್ವಲ್ಪ ಸ್ವಲ್ಪವೇ ಇಳಿಸಿ, ಹೇಳದೆ. ಊಟಕ್ಕೆ ಕೂತಾಗ ಎಲ್ಲರ ಫೋನೂ ಇನ್ನೊಂದು ಕೋಣೆಯಲ್ಲಿರಲಿ, ನಿಮ್ಮದೂ. ಮೂರು ತಿಂಗಳ ನಂತರ ಮತ್ತೆ ಬರೆಯಿರಿ. ‘ಇದಕ್ಕೆ ಉಪ್ಪು ಜಾಸ್ತಿಯಾಯ್ತು’ ಅಂತ ಅವನು ಮೊದಲು ಹೇಳಿದ್ದು ಯಾವುದಕ್ಕೆ ಅಂತ ತಿಳಿಯುವ ಆಸೆ ನನಗೆ.