ಸಿಗ್‌ಟರ್ಮ್ ಕಳಿಸಿದರೆ ಸರ್ವರ್ ಮುಗಿಯದೆ ಹ್ಯಾಂಗ್ ಆಗುತ್ತದೆ, ಯಾಕೆ?

ಪ್ರಶ್ನೆ: ಲಿನಕ್ಸ್‌ನಲ್ಲಿ ಓಡುವ ನಮ್ಮ ಸಿ++ ಸರ್ವರ್‌ನಲ್ಲಿ ಹಲವು ಥ್ರೆಡ್‌ಗಳಿವೆ (ಒಂದೇ ಪ್ರೋಗ್ರಾಂನಲ್ಲಿ ಜೊತೆಜೊತೆಗೆ ಓಡುವ ಕೆಲಸಗಳು). ಸಿಗ್‌ಟರ್ಮ್ (‘ಮುಗಿಸು’ ಎಂಬ ಸಿಗ್ನಲ್) ಬಂದಾಗ ಹ್ಯಾಂಡ್ಲರ್ (ಸಿಗ್ನಲ್ ಬಂದಾಗ ಓಡುವ ಫಂಕ್ಷನ್) ಲಾಗ್‌ಗೆ ಒಂದು ಸಾಲು ಬರೆದು, ಕ್ಯೂ ಖಾಲಿ ಮಾಡಿ ಮುಗಿಸಬೇಕು. ಲೋಡ್ ಜಾಸ್ತಿ ಇದ್ದಾಗ ಒಮ್ಮೊಮ್ಮೆ ಅಲ್ಲಾಡದೆ ನಿಂತುಬಿಡುತ್ತದೆ. ಕ್ಯೂ ಕಾಯುವ ಮ್ಯೂಟೆಕ್ಸನ್ನು (ಲಾಕ್) ರಿಕರ್ಸಿವ್ ಮಾಡಿದರೆ, ಅಂದರೆ ಹಿಡಿದ ಥ್ರೆಡ್ಡೇ ಮತ್ತೆ ಹಿಡಿಯುವಂತೆ ಮಾಡಿದರೆ, ಸರಿಹೋಗುತ್ತದಾ?

ಉತ್ತರ: ಬೇಡ. ಹ್ಯಾಂಗ್ ತಪ್ಪಬಹುದು, ಆದರೆ ಅರ್ಧ ಬದಲಾದ ಕ್ಯೂಗೆ ಹ್ಯಾಂಡ್ಲರ್ ಕೈ ಹಾಕುತ್ತದೆ. ಅದು ಇನ್ನೂ ಕೆಟ್ಟದ್ದು. 2024ರಲ್ಲಿ ಓಪನ್‌ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗಲು ಬಳಸುವ ತಂತ್ರಾಂಶ) ಸರ್ವರ್‌ನಲ್ಲಿ ಸಿಕ್ಕ ದೊಡ್ಡ ದೋಷವೂ ಈ ಜಾತಿಯದೇ. ಸಿಗ್ನಲ್ ಹ್ಯಾಂಡ್ಲರ್ ಒಳಗಿಂದ ಸಿಸ್‌ಲಾಗ್ (ಸಿಸ್ಟಂ ಲಾಗ್‌ಗೆ ಬರೆಯುವ ಫಂಕ್ಷನ್) ಕರೆದಿದ್ದರು. ಅರ್ಧಕ್ಕೆ ನಿಂತ ಮೆಮೊರಿ ಕೆಲಸದ ಮೇಲೆ ಅದು ಓಡಿ, ಹೊರಗಿನವರಿಗೆ ರೂಟ್ (ಯಂತ್ರದ ಪೂರ್ಣ ಅಧಿಕಾರ) ಸಿಗುವ ದಾರಿಯಾಯಿತು.

ಮುಂದಿನ ಸಲ ನಿಂತಾಗ ಕಿಲ್ -9 ಹೊಡೆದು ಬಲವಂತವಾಗಿ ಕೊಲ್ಲುವ ಮೊದಲು ಜಿಡಿಬಿ (ಡಿಬಗರ್) ಅಟ್ಯಾಚ್ ಮಾಡಿ, ಎಲ್ಲ ಥ್ರೆಡ್‌ಗಳ ಬ್ಯಾಕ್‌ಟ್ರೇಸ್ (ಯಾವ ಫಂಕ್ಷನ್ ಯಾವುದನ್ನು ಕರೆದಿದೆ ಅನ್ನುವ ಪಟ್ಟಿ) ನೋಡಿ. ಒಂದರಲ್ಲಿ ಬಹುಶಃ ಹೀಗಿರುತ್ತದೆ: ಕೆಳಗೆ ಮ್ಯಾಲಕ್ (ಮೆಮೊರಿ ಕೊಡುವ ಫಂಕ್ಷನ್, ಇದಕ್ಕೂ ಒಳಗೊಂದು ಲಾಕ್ ಇದೆ), ಅದರ ಮೇಲೆ ‘ಸಿಗ್ನಲ್ ಹ್ಯಾಂಡ್ಲರ್ ಕಾಲ್ಡ್’ ಅನ್ನುವ ಸಾಲು, ನಂತರ ನಿಮ್ಮ ಲಾಗ್ ಫಂಕ್ಷನ್, ಮತ್ತೆ ಮ್ಯಾಲಕ್, ತುದಿಯಲ್ಲಿ ಲಾಕ್‌ಗೆ ಕಾಯುವ ಕರೆ. ಮ್ಯಾಲಕ್ ಬದಲು ನಿಮ್ಮ ಕ್ಯೂ ಮ್ಯೂಟೆಕ್ಸೇ ಇದ್ದರೂ ಕಥೆ ಅದೇ. ಲಾಕ್ ಹಿಡಿದದ್ದೂ ಆ ಥ್ರೆಡ್ಡೇ, ಕಾಯುತ್ತಿರುವುದೂ ಅದೇ. ಹ್ಯಾಂಡ್ಲರ್‌ಗೆ ಅಂತ ಬೇರೆ ಥ್ರೆಡ್ ಇಲ್ಲ, ಅಲ್ವಾ? ಸಿಗ್ನಲ್ಲನ್ನು ಬ್ಲಾಕ್ ಮಾಡದ ಯಾವುದೋ ಒಂದು ಥ್ರೆಡ್ಡನ್ನು ಕರ್ನಲ್ ನಡುವೆ ತಡೆದು, ಅದರಲ್ಲೇ ಹ್ಯಾಂಡ್ಲರ್ ಓಡಿಸುತ್ತದೆ. ಲೋಡ್ ಜಾಸ್ತಿ ಇದ್ದಷ್ಟೂ ಆ ಥ್ರೆಡ್ ಲಾಕ್ ಹಿಡಿದಿರುವ ಸಾಧ್ಯತೆ ಹೆಚ್ಚು.

ಹಾಗಾಗಿ ಹ್ಯಾಂಡ್ಲರನ್ನೇ ತೆಗೆದುಹಾಕಿ. ಮೇನ್‌ನಲ್ಲಿ ಒಂದೂ ಥ್ರೆಡ್ ಹುಟ್ಟುವ ಮೊದಲು ಪಿಥ್ರೆಡ್_ಸಿಗ್‌ಮಾಸ್ಕ್ ಫಂಕ್ಷನ್‌ನಿಂದ ಸಿಗ್‌ಟರ್ಮ್, ಸಿಗ್‌ಇಂಟ್ (ಕಂಟ್ರೋಲ್-ಸಿ ಒತ್ತಿದಾಗ ಬರುವ ಸಿಗ್ನಲ್) ಎರಡನ್ನೂ ಬ್ಲಾಕ್ ಮಾಡಿ. ಆಮೇಲೆ ಹುಟ್ಟುವ ಥ್ರೆಡ್‌ಗಳಿಗೆ ಅದೇ ಮಾಸ್ಕ್ (ಬ್ಲಾಕ್ ಆದ ಸಿಗ್ನಲ್‌ಗಳ ಪಟ್ಟಿ) ಬರುತ್ತದೆ. ಒಂದು ಥ್ರೆಡ್ಡನ್ನು ಸುಮ್ನೆ ಸಿಗ್‌ವೇಟ್‌ನಲ್ಲಿ (ಸಿಗ್ನಲ್ ಬರುವವರೆಗೆ ಕಾಯುವ ಕರೆ) ಕೂರಿಸಿ. ಸಿಗ್‌ವೇಟ್ ಮರಳಿದ ಮೇಲೆ ನೀವು ಮಾಮೂಲಿ ಕೋಡ್‌ನಲ್ಲೇ ಇರುತ್ತೀರಿ. ಮ್ಯೂಟೆಕ್ಸ್ ಹಿಡಿಯಿರಿ, ಲಾಗ್ ಬರೆಯಿರಿ, ತೊಂದರೆಯಿಲ್ಲ. ಈಗಾಗಲೇ ಈಪೋಲ್ ಲೂಪ್ (ಹಲವು ಫೈಲ್, ಸಾಕೆಟ್‌ಗಳನ್ನು ಒಟ್ಟಿಗೆ ಕಾಯುವ ಲೂಪ್) ಇದ್ದರೆ, ಸಿಗ್ನಲ್ಲನ್ನು ಫೈಲ್‌ನಂತೆ ಓದಲು ಬಿಡುವ ಸಿಗ್ನಲ್‌ಎಫ್‌ಡಿ ಅನುಕೂಲ.

ಸಿ++ನಲ್ಲಿ ಒಂದು ಗುಂಡಿ ಇದೆ. ಗ್ಲೋಬಲ್ ಆಬ್ಜೆಕ್ಟ್‌ನ ಕನ್‌ಸ್ಟ್ರಕ್ಟರ್ ಮೇನ್‌ಗಿಂತ ಮುಂಚೆಯೇ ಓಡುತ್ತದೆ. ಯಾವುದಾದರೂ ಲೈಬ್ರರಿ ಅಲ್ಲೇ ಥ್ರೆಡ್ ಹುಟ್ಟಿಸಿದರೆ ಅದಕ್ಕೆ ನಿಮ್ಮ ಮಾಸ್ಕ್ ಬರುವುದಿಲ್ಲ. ಸಿಗ್‌ಟರ್ಮ್ ನೇರ ಅದಕ್ಕೆ ಹೋಗಿ, ಏನೂ ಮುಗಿಸದೆ ಪ್ರೋಗ್ರಾಂ ಸಾಯುತ್ತದೆ. ಇನ್ನೊಂದು: ಫೋರ್ಕ್ ಮಾಡಿ (ಮಗು ಪ್ರೊಸೆಸ್ ಹುಟ್ಟಿಸಿ) ಎಕ್ಸೆಕ್ ಮಾಡುವುದಿದ್ದರೆ (ಅದರಲ್ಲಿ ಬೇರೆ ಪ್ರೋಗ್ರಾಂ ಓಡಿಸುವುದಿದ್ದರೆ), ಎಕ್ಸೆಕ್‌ಗೆ ಮೊದಲು ಮಗುವಿನಲ್ಲಿ ಮಾಸ್ಕ್ ತೆಗೆಯಿರಿ. ಇಲ್ಲದಿದ್ದರೆ ಆ ಪ್ರೋಗ್ರಾಂ ಸಿಗ್‌ಟರ್ಮ್‌ಗೆ ಕ್ಯಾರೇ ಅನ್ನುವುದಿಲ್ಲ.