ಹನಿಗವನ ಪುಸ್ತಕದಲ್ಲಿ ಓದಿದಾಗ ಸಣ್ಣ ನಗು, ಕವಿಯ ಬಾಯಲ್ಲೇ ಕೇಳಿದಾಗ ಜೋರು ನಗು. ಯಾಕೆ?

ಕೊನೆಯ ಸಾಲು ನಮಗೆ ಯಾವಾಗ ಸಿಗಬೇಕು ಅನ್ನೋದು ವೇದಿಕೆಯಲ್ಲಿ ಕವಿಯ ಕೈಯಲ್ಲಿರುತ್ತದೆ. ಪುಸ್ತಕದಲ್ಲಿ ಹಾಗಲ್ಲ, ನಾಲ್ಕು ಪುಟ್ಟ ಸಾಲುಗಳೂ ಒಟ್ಟಿಗೇ ಕಣ್ಣಿಗೆ ಬಿದ್ದುಬಿಡುತ್ತವೆ.

ನಾನೇ ಕಟ್ಟಿದ ಒಂದು ಹನಿ ನೋಡಿ:

ತೂಕ ಇಳಿಸಲು ದಿನವೂ
ಬೆಳಿಗ್ಗೆ ವಾಕಿಂಗು
ದಾರಿ ಮಧ್ಯೆ ದರ್ಶಿನಿ
ಅಲ್ಲೇ ಪಾರ್ಕಿಂಗು!

ವೇದಿಕೆಯಲ್ಲಾದರೆ ಕವಿ ಮೂರನೇ ಸಾಲನ್ನು ಎರಡು ಸಲ ಹೇಳಿ ನಿಲ್ಲಿಸುತ್ತಾರೆ. ‘ವಾಕಿಂಗು’ ಆದಮೇಲೆ ಪ್ರಾಸ ಬರಲೇಬೇಕು ಅಂತ ಕಿವಿ ಕಾಯುತ್ತಿರುತ್ತದೆ. ಕೇಳುವವರು ಮನಸ್ಸಲ್ಲೇ ಹುಡುಕತೊಡಗುತ್ತಾರೆ. ಕಾದಿದ್ದ ಸದ್ದು ಕಾಯದ ಅರ್ಥದ ಜೊತೆ ಬಂದಾಗ ಇಡೀ ಸಭೆ ಒಂದೇ ಕ್ಷಣಕ್ಕೆ ನಗುತ್ತದೆ. ಪಕ್ಕದವರು ನಕ್ಕರೆ ನಮ್ಮ ನಗುವೂ ಜಾಸ್ತಿಯಾಗುತ್ತದೆ, ಅಲ್ವಾ?

ದಿನಕರ ದೇಸಾಯಿಯವರ (1909–1982) ಚುಟುಕಗಳಲ್ಲೂ, ಡುಂಡಿರಾಜರ ಹನಿಗವನಗಳಲ್ಲೂ ಪ್ರಾಸಕ್ಕೆ ಇಷ್ಟು ಬೆಲೆ ಇರೋದು ಅದಕ್ಕೇ. ಇವು ಕಿವಿಗಾಗಿ ಹುಟ್ಟಿದ ಕವಿತೆಗಳು ಅಂತಲೇ ನನ್ನ ನಂಬಿಕೆ.

ಓದುವ ಕವಿ ಮಾತ್ರ ಮೊದಲೇ ನಗಬಾರದು, ನಕ್ಕರೆ ಸುಳಿವು ಸಿಕ್ಕಿಬಿಡುತ್ತದೆ. ಚಪ್ಪಾಳೆ ಇಳಿಯುವ ತನಕ ಮುಂದಿನ ಹನಿಯನ್ನೂ ಶುರು ಮಾಡಬಾರದು. ಮೊದಲ ಸಾಲೇ ಕೇಳಿಸದಿದ್ದರೆ ಕೊನೆಯ ಸಾಲಿಗೆ ಯಾರೂ ನಗುವುದಿಲ್ಲ.