ಬಾಟಲಿ ಒಂದೇ, ಕೈ ಬೇರೆ

ಸಾಗರ ಸೀಮೆಯ ಓದುಗರಿಗೆ,

ನಿಮ್ಮ ಎರಡು ಪುಟದ ಪತ್ರ ತಲುಪಿತು. ಮೂರನೆಯ ಕರು ಹಾಕಿದ ಜರ್ಸಿ ಹಸು ಮರುದಿನ ಸಂಜೆ ಕುಸಿದು ಕೂತಿತು. ಡಾಕ್ಟರು ಬೇರೆ ಊರಿನಲ್ಲಿದ್ದರು. ‘ಇಂಜೆಕ್ಷನ್ ಕೊಡಲು ಬಲ್ಲವರು’ ಒಬ್ಬರು ಬಂದು ಕತ್ತಿನ ರಕ್ತನಾಳಕ್ಕೆ ಕ್ಯಾಲ್ಸಿಯಂ ಬಾಟಲಿಯನ್ನು ಐದೇ ನಿಮಿಷದಲ್ಲಿ ಇಳಿಸಿದರು. ಬಾಟಲಿ ಖಾಲಿಯಾಗುವ ಮುಂಚೆ ಹಸು ಹೋಯಿತು. ನಿಮ್ಮ ಪ್ರಶ್ನೆ ಇದು: ಡಾಕ್ಟರು ಬಂದಿದ್ದರೂ ಅದೇ ಬಾಟಲಿ ಹಾಕುತ್ತಿದ್ದರಂತೆ, ಹಾಗಾದರೆ ಅವರು ಅಷ್ಟು ವರ್ಷ ಓದುವುದಾದರೂ ಏನನ್ನು? ಮಗಳು ಅದನ್ನೇ ಓದುತ್ತೇನೆಂದು ಹಟ ಹಿಡಿದಿದ್ದಾಳೆ, ಕಳಿಸಲೇ?

ಹಸು ಯಾಕೆ ಸತ್ತಿತೆಂದು ಇಲ್ಲಿ ಕೂತು ಹೇಳುವುದು ಸರಿಯಲ್ಲ. ನೀವು ಬರೆದ ಲಕ್ಷಣಗಳು ಮಾತ್ರ ಹಾಲುಜ್ವರದವು. ಹೆಸರಿನಲ್ಲಿ ಜ್ವರವಿದೆ, ಮೈಯಲ್ಲಿ ಇರುವುದಿಲ್ಲ. ಕಿವಿ ತಣ್ಣಗಾಗುತ್ತದೆ, ಹಸು ಕತ್ತನ್ನು ಪಕ್ಕೆಗೆ ಮಡಚಿಕೊಂಡು ಕೂರುತ್ತದೆ, ಮೆಲುಕು ನಿಲ್ಲುತ್ತದೆ. ಕರು ಹಾಕಿದ ಮೊದಲ ಮೂರು ದಿನಗಳಲ್ಲಿ, ಅದೂ ಹೆಚ್ಚು ಹಾಲು ಕೊಡುವ, ಮೂರು ನಾಲ್ಕು ಸೂಲಾದ, ಅಂದರೆ ಅಷ್ಟು ಸಲ ಕರು ಹಾಕಿದ ಹಸುಗಳಲ್ಲಿ ಇದು ಜಾಸ್ತಿ. ರಕ್ತದ ಸುಣ್ಣದಂಶ, ಅಂದರೆ ಕ್ಯಾಲ್ಸಿಯಂ, ಗಿಣ್ಣುಹಾಲಿಗೆ ಇಳಿದುಬಿಡುತ್ತದೆ, ಮೂಳೆಯಿಂದ ಅದನ್ನು ತುಂಬಿಕೊಳ್ಳುವಷ್ಟು ಬೇಗ ದೇಹ ಎಚ್ಚೆತ್ತುಕೊಳ್ಳುವುದಿಲ್ಲ. ಸ್ನಾಯುಗಳು ಸೋಲುತ್ತವೆ.

ಕ್ಯಾಲ್ಸಿಯಂ ಬೇಕು, ನಿಜ. ಆದರೆ ಹೃದಯವೂ ಸ್ನಾಯುವೇ. ರಕ್ತನಾಳದ ಮೂಲಕ ಕ್ಯಾಲ್ಸಿಯಂ ಧಾವಿಸಿ ಬಂದರೆ ಅದರ ಬಡಿತ ತಪ್ಪುತ್ತದೆ, ಕೆಲವೊಮ್ಮೆ ನಿಂತೇ ಹೋಗುತ್ತದೆ. ಅದಕ್ಕೇ ಕಲಿತ ಡಾಕ್ಟರು ಬಾಟಲಿಯನ್ನು ಮೈಬಿಸಿಗೆ ತಂದು, ಎದೆಗೆ ಸ್ಟೆತಾಸ್ಕೋಪ್ ಇಟ್ಟುಕೊಂಡು, 10ರಿಂದ 20 ನಿಮಿಷ ನಿಧಾನ ಇಳಿಸುತ್ತಾರೆ. ಬಡಿತ ಏರುಪೇರಾದರೆ ಕೊಳವೆ ಹಿಸುಕಿ ಕಾಯುತ್ತಾರೆ. ಸರಿಯಾಗಿ ಹೋದರೆ ಹಸು ನಡುಗುತ್ತದೆ, ತೇಗುತ್ತದೆ, ಸಗಣಿ ಹಾಕಿ ಎದ್ದು ನಿಲ್ಲುತ್ತದೆ. ಕೊಟ್ಟಿಗೆಯಲ್ಲಿ ಇದನ್ನು ಕಂಡವರು ಪವಾಡ ಎನ್ನುವುದುಂಟು. ಓದಿದ್ದು ಏನನ್ನು ಎಂದರೆ, ಆ ಹದಿನೈದು ನಿಮಿಷವನ್ನು.

ಡಾಕ್ಟರು ಬರುವವರೆಗೆ ನೀವು ಮಾಡಬಹುದಾದದ್ದೂ ಇದೆ. ಹಸು ಅಡ್ಡ ಮಲಗದಂತೆ ಹುಲ್ಲಿನ ಹೊರೆ, ಮೂಟೆ ಒತ್ತುಕೊಟ್ಟು ಎದೆಯ ಮೇಲೆ ಕೂರಿಸಿ. ಅಡ್ಡ ಬಿದ್ದರೆ ಹೊಟ್ಟೆಯುಬ್ಬರ ಬಂದು ಉಸಿರು ಕಟ್ಟುತ್ತದೆ. ಬಾಯಿಗೆ ಔಷಧ ಹೊಯ್ಯುವ ಬಿದಿರಿನ ಗೊಟ್ಟ ಮಾತ್ರ ಹಿಡಿಯಬೇಡಿ. ನುಂಗುವ ಶಕ್ತಿಯೇ ಕುಂದಿರುವಾಗ ಕಷಾಯವಾಗಲಿ ಬೆಲ್ಲದ ನೀರಾಗಲಿ ಶ್ವಾಸಕೋಶಕ್ಕೆ ಇಳಿಯುತ್ತದೆ. ನಮ್ಮಲ್ಲಿ ಎಷ್ಟು ದನಗಳು ಪ್ರೀತಿಯ ಗೊಟ್ಟದಿಂದಲೇ ಸತ್ತಿವೆಯೋ.

ಇನ್ನು ‘ಯಾರನ್ನು ಕರೆಯಬೇಕು’ ಎಂಬುದು. 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆಯ ಪ್ರಕಾರ ಚಿಕಿತ್ಸೆ ಕೊಡುವ ಅಧಿಕಾರ ನೋಂದಾಯಿತ ಪಶುವೈದ್ಯರದು. ಡಿಪ್ಲೊಮಾ ಮಾಡಿದ ಪಶುವೈದ್ಯಕೀಯ ಪರೀಕ್ಷಕರು ವೈದ್ಯರ ಮೇಲ್ವಿಚಾರಣೆಯಲ್ಲಿ ಸಣ್ಣಪುಟ್ಟ ಸೇವೆ ಮಾಡಬಹುದು, ಹಳ್ಳಿಗಳಲ್ಲಿ ಅವರಿಂದಾಗುವ ಉಪಕಾರ ದೊಡ್ಡದು. ನಿಮ್ಮಲ್ಲಿಗೆ ಬಂದವರು ಇಬ್ಬರೂ ಅಲ್ಲ. ಆದರೂ ಅವರನ್ನು ಬೈದು ಮುಗಿಸಲು ನನಗೆ ಮನಸ್ಸಿಲ್ಲ. ಡಾಕ್ಟರಿಲ್ಲದ ಜಾಗದಲ್ಲಿ ಯಾರಾದರೂ ಒಬ್ಬರು ಬಂದೇ ಬರುತ್ತಾರೆ. ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ 1962 ಸಂಖ್ಯೆ ಇದೆ, ಗೋಡೆಯ ಮೇಲೆ ಬರೆದಿಡಿ. ಫೋನಿನಲ್ಲಿ ‘ದನಕ್ಕೆ ಹುಷಾರಿಲ್ಲ’ ಎಂದಷ್ಟೇ ಹೇಳಬೇಡಿ. ಎಷ್ಟನೆಯ ಸೂಲು, ಕರು ಹಾಕಿ ಎಷ್ಟು ಹೊತ್ತು, ಸತ್ತೆ (ಮಾಸು) ಬಿದ್ದಿದೆಯೋ ಇಲ್ಲವೋ, ಮೆಲುಕು ಇದೆಯೋ, ಎಲ್ಲ ಹೇಳಿ. ನನ್ನ ಬಾಲ್ಯದಲ್ಲಿ ಸೈಕಲ್ಲಿನಲ್ಲಿ ಬರುತ್ತಿದ್ದ ಡಾಕ್ಟರು ಮೊದಲು ಜಗಲಿಯಲ್ಲಿ ಕೂತು ಹತ್ತು ನಿಮಿಷ ಇದನ್ನೇ ಕೇಳುತ್ತಿದ್ದರು. ‘ಹಸು ನೋಡೋಕೆ ಬಂದಿದಾನೋ, ಹರಟೆಗೋ’ ಎಂದು ಅಜ್ಜಿ ಗೊಣಗುತ್ತಿದ್ದಳು. ರೋಗಿ ಮಾತಾಡುವುದಿಲ್ಲವಲ್ಲ, ಅವರು ಅಜ್ಜಿಯ ಬಾಯಲ್ಲಿ ಹಸುವನ್ನು ಮಾತಾಡಿಸುತ್ತಿದ್ದರು.

ಮಗಳನ್ನು ಕಳಿಸಿ. ‘ದನದ ಡಾಕ್ಟ್ರು’ ಎಂದು ನೆಂಟರು ನಗುತ್ತಾರೆ ಎಂದಿದ್ದೀರಿ, ನಗಲಿ. ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಹೆಬ್ಬಾಳದ ಕಾಲೇಜು 1958ರಿಂದ ಇದೆ, ಬೀದರ್, ಹಾಸನಗಳಲ್ಲೂ ಇವೆ, ನಿಮಗೆ ಹತ್ತಿರದ್ದು ಶಿವಮೊಗ್ಗದ್ದು. ಮನುಷ್ಯರ ಡಾಕ್ಟರಿಗೆ ಒಂದೇ ಜಾತಿಯ ರೋಗಿ. ಇವಳು ನಾಲ್ಕು ಕೋಣೆಯ ಹೊಟ್ಟೆಯ ಹಸುವನ್ನೂ ವಾಂತಿ ಮಾಡಲಾರದ ಕುದುರೆಯನ್ನೂ ಕೋಳಿಯನ್ನೂ ಓದಬೇಕು. ನಮಗೆ ಮಾಮೂಲಾದ ಪ್ಯಾರಸಿಟಮಾಲ್ ಬೆಕ್ಕಿಗೆ ವಿಷವೆಂಬುದನ್ನೂ ನೆನಪಿಡಬೇಕು. ಭುಜದವರೆಗೆ ಕೈಗವಸು ತೊಟ್ಟು ಹಸುವಿನ ಗರ್ಭ ತಡವಿ ನೋಡುವ ಕೆಲಸಕ್ಕೆ ಹೇಸದಿದ್ದರೆ ಸಾಕು. ಕೊಟ್ಟಿಗೆಯಲ್ಲಿ ಬೆಳೆದವಳಿಗೆ ಅದನ್ನು ನಾನು ಹೇಳಬೇಕಿಲ್ಲ.

ಒಂದು ವಿಷಯ ನಿಮ್ಮ ಪತ್ರದಲ್ಲಿಲ್ಲ. ಆ ಕರು ಹೇಗಿದೆ? ತಾಯಿ ಹೋಗುವ ಮುಂಚೆ ಅದಕ್ಕೆ ಗಿಣ್ಣುಹಾಲು ಸಿಕ್ಕಿತ್ತೇ? ಬರೆಯಿರಿ.

— ಸಂಪಾದಕ